ನಲವತ್ತು ಜನಕ್ಕೆ ಚಟ್ನಿ

ಕೂಡ್ಲಿಗಿ
11-9-1981

ತಮ್ಮ ದುರುಗಪ್ಪನಿಗೆ,

ಕಾಗದದ ಮೊದಲಿಗೆ ಕ್ಷೇಮ ಎಂದು ಬರೆಯಬೇಕು, ಬರೆದಿದ್ದೇನೆ. ಇನ್ನು ನಿಜ ಕೇಳು. ನಿನ್ನ ಇನ್‌ಲ್ಯಾಂಡ್ ಮೊನ್ನೆ ಬಂತು. ಎರಡು ಕಾಗದದಿಂದ ನಾನು ಕೇಳುತ್ತಿರುವುದು ಒಂದೇ ಮಾತು. ತೆಲಿಗಿಯ ಹೆಣ್ಣಿನ ಮನೆಗೆ ವೀಳ್ಯ ಕೊಡಬೇಕು, ಯಾವತ್ತು ರಜೆ ಹಾಕಿ ಬರುತ್ತೀ? ಅದಕ್ಕೆ ನೀನು ಕೊಟ್ಟ ಉತ್ತರ, ಅವ್ವ ಕಡುಬಿಗೆ ಮಾಡುತ್ತಿದ್ದ ಕೆಂಪು ಚಟ್ನಿ ಹೇಗೆ ಮಾಡುವುದು, ಬಿಡಿಸಿ ಬರಿ ಅಂತ. ನಿನ್ನ ಭಾವ ರಾಮಣ್ಣ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ನಗು ಬರಲಿಲ್ಲ.

ಇನ್ನೊಮ್ಮೆ ಹೇಳುತ್ತೇನೆ, ಕಿವಿಗೊಟ್ಟು ಕೇಳು. ಹೆಣ್ಣಿನ ಹೆಸರು ಪಂಪಮ್ಮ. ಎಸ್ಸೆಸ್ಸೆಲ್ಸಿ ಪಾಸಾಗಿ ಹೊಲಿಗೆ ಕಲಿತಿದ್ದಾಳೆ. ತಂದೆ ಬೊಮ್ಮಪ್ಪ ಹರಪನಹಳ್ಳಿಯ ಒಂದು ಕಚೇರಿಯಲ್ಲಿ ಜವಾನ. ಇಪ್ಪತ್ತಾರು ವರ್ಷ ಬೇರೆಯವರು ಬರೆದ ಫೈಲು ಹೊತ್ತಿದ್ದಾನೆ, ಅಳಿಯನಾದರೂ ಪೆನ್ನು ಹಿಡಿಯುವವನಾಗಲಿ ಎಂದು ಹಟ ಹಿಡಿದು ಎರಡು ಗಂಡು ವಾಪಸು ಕಳಿಸಿದ್ದಾನೆ. ನೀನು ಕಳೆದ ವರ್ಷ ಸಿಕ್ಕಿಂ ರಸ್ತೆ ಕ್ಯಾಂಪಿನಿಂದ "ಸ್ಟೋರಿನ ಕಡೆ ಕೆಲಸ ಸಿಕ್ಕಿದೆ" ಎಂದು ಬರೆದಿದ್ದೆಯಲ್ಲ, ಅದನ್ನೇ ನಂಬಿ ನನ್ನ ತಮ್ಮ ಸ್ಟೋರ್ ಗುಮಾಸ್ತ ಎಂದು ನಾನು ಮಾತು ಕೊಟ್ಟಿದ್ದೇನೆ. ಮದುವೆ ಬುದ್ಧಪೂರ್ಣಿಮೆಗೆ ಎಂದೂ ಹೇಳಿಯಾಗಿದೆ.

ಚಟ್ನಿ ತಾನೇ, ತಗೋ. ಒಣ ಕೆಂಪು ಮೆಣಸಿನಕಾಯಿ ಒಂದು ಹಿಡಿ, ತೊಟ್ಟು ಬಿಡಿಸಿ ಬಿಸಿನೀರಿನಲ್ಲಿ ನೆನೆಹಾಕು. ಒಂದು ಗಡ್ಡೆ ಬೆಳ್ಳುಳ್ಳಿಯನ್ನು ಸಿಪ್ಪೆ ಸಮೇತ ಒಲೆಯ ಬೂದಿಯಲ್ಲಿ ಸುಡು. ಹುರಿದ ಶೇಂಗಾ ಅರ್ಧ ಹಿಡಿ, ಹುಣಸೆಹಣ್ಣು, ಉಪ್ಪು, ಚೂರು ಬೆಲ್ಲ. ಎಲ್ಲವನ್ನೂ ಕಲ್ಲಿನಲ್ಲಿ ನುಣ್ಣಗೆ ಅರೆದು ಬಿಸಿನೀರು ಬಿಟ್ಟು ತೆಳ್ಳಗೆ ಮಾಡು. ಬೆರಳು ಅದ್ದಿ ಎತ್ತಿದರೆ ಮೂರು ಹನಿ ಬೀಳಬೇಕು, ನಾಲ್ಕನೆಯದು ಬೆರಳಿನಲ್ಲೇ ನಿಲ್ಲಬೇಕು. ಮೇಲೆ ಒಂದು ಚಮಚ ಶೇಂಗಾ ಎಣ್ಣೆ, ಹಸಿಯದೇ. ಒಂದು ದಿನವೂ ಗಡಿಗೆಯ ಮುಚ್ಚಳ ತೆಗೆದು ನೋಡದವನಿಗೆ ಈಗ ಯಾಕೆ ಈ ಚಪಲ ಹತ್ತಿತೋ.

ರಜೆಯ ದಿನ ಬರಿ.

ಅಕ್ಕ ಮಾರೆಮ್ಮ


ಸಿಕ್ಕಿಂ ಕ್ಯಾಂಪು
3-10-1981

ಅಕ್ಕನಿಗೆ ದುರುಗಪ್ಪನ ನಮಸ್ಕಾರ.

ನಿನ್ನ ಚಟ್ನಿಯಿಂದ ಇಲ್ಲಿ ದೊಡ್ಡ ಅನಾಹುತವಾಯಿತು. ಈ ಕಡೆ ಮೈದಾ ಹಿಟ್ಟಿನೊಳಗೆ ಮಾಂಸ, ಈರುಳ್ಳಿ ತುಂಬಿ ಹಬೆಯಲ್ಲಿ ಬೇಯಿಸುತ್ತಾರೆ. ಮೊಮೊ ಅನ್ನುತ್ತಾರೆ, ನಮ್ಮ ಕಡುಬಿನ ತಮ್ಮ ಅಂದುಕೋ. ಅದಕ್ಕೆ ಇವರು ಕೊಡುವ ಚಟ್ನಿ ಬರೀ ನೀರು. ಅದಕ್ಕೇ ಅವ್ವನ ಚಟ್ನಿ ನೆನಪಾದದ್ದು.

ಇಲ್ಲಿಯ ಅಂಗಡಿಯಲ್ಲಿ ಒಣ ಮೆಣಸಿನಕಾಯಿ ಇರಲಿಲ್ಲ. ಕೆಂಪಗೆ, ಗುಂಡಗೆ, ಬಾರೆಹಣ್ಣಿನಷ್ಟು ದಪ್ಪದ ಒಂದು ಕಾಯಿ ಇತ್ತು. ದಪ್ಪ ಕಾಯಿ ಅಂದರೆ ನಮ್ಮ ಮಿರ್ಚಿ ಬಜ್ಜಿಯ ಕಾಯಿಯ ಹಾಗೆ ಸಪ್ಪೆ ಇರುತ್ತದೆ ಅಂದುಕೊಂಡು ಒಂದು ಹಿಡಿಗೆ ಇನ್ನೊಂದು ಹಿಡಿ ಸೇರಿಸಿದೆ. ದೊಡ್ಡ ಸಾಹೇಬರು ಮೊದಲ ಮೊಮೊ ಅದ್ದಿ ಬಾಯಿಗಿಟ್ಟು ಎದ್ದು ಹೊರಗೆ ಓಡಿದರು. ಜೀಪಿನ ಡ್ರೈವರು ನಲ್ಲಿಯ ಕೆಳಗೆ ತಲೆ ಇಟ್ಟ. ಹಿಡಿ ಅಂದರೆ ಎಷ್ಟು ಎಂದು ನೀನು ಸರಿಯಾಗಿ ಬರೆಯಬೇಕಿತ್ತು.

ಇಲ್ಲಿ ಗುಡ್ಡದ ಮೇಲೆ ಬುದ್ಧನ ಗುಡಿಗಳಿವೆ. ಅಪ್ಪ ಇದ್ದಿದ್ದರೆ ನೋಡಿ ಖುಷಿಪಡುತ್ತಿದ್ದ. ರಜೆಯ ವಿಷಯ ಆಮೇಲೆ ತಿಳಿಸುತ್ತೇನೆ.

ನಿನ್ನ ತಮ್ಮ
ದುರುಗಪ್ಪ


ಕೂಡ್ಲಿಗಿ
15-10-1981

ದುರುಗಪ್ಪ,

ಬುದ್ಧನ ಬೆನ್ನ ಹಿಂದೆ ಅಡಗಬೇಡ. ಅಪ್ಪ ಅವನ ಪಟವನ್ನು ಮನೆಯಲ್ಲಿ ತೂಗುಹಾಕಿದ್ದು ನೀನು ಮಾತು ಮರೆಸಲಿ ಅಂತಲ್ಲ.

ಊರು ಬಿಟ್ಟು ಊರಿನ ಯಾವುದೋ ಕಾಯಿಯನ್ನು ಎರಡು ಹಿಡಿ ಅರೆದು ಹಾಕಿ, ತಪ್ಪು ನನ್ನದು ಅನ್ನುತ್ತೀಯಲ್ಲ, ನಿನಗೆ ಏನು ಹೇಳಲಿ? ನಾನು ಹೇಳಿದ ಕೆಂಪು ಮೆಣಸಿನಕಾಯಿ ಅಂದರೆ ಬ್ಯಾಡಗಿ ಕಾಯಿ. ಸುಕ್ಕು ಸುಕ್ಕಾಗಿರುತ್ತದೆ, ಬಣ್ಣ ಜಾಸ್ತಿ, ಖಾರ ಕಡಿಮೆ. ಕೊಟ್ಟೂರು ಸಂತೆಯಲ್ಲಿ ಅವ್ವನ ಬೆನ್ನಿಗೆ ಬಿದ್ದು ಅದೇ ಕಾಯಿಯ ರಾಶಿಯ ಪಕ್ಕ ಕೂತು ಮಂಡಕ್ಕಿ ತಿಂದವನು ನೀನೇ. ಮತ್ತೆ ಹಿಡಿ ಅಂದರೆ ಅವ್ವನ ಹಿಡಿ. ನಿನ್ನ ಅಗಲದ ಕೈಯಲ್ಲಿ ಎರಡು ಹಿಡಿ ಅಂದರೆ ಅವ್ವನ ನಾಲ್ಕಾಯಿತು. ಕಡುಬು ತಿಂದು ಬೆಳೆದ ಹುಡುಗನಿಗೆ ಇಷ್ಟೂ ತಿಳಿಯದೆ ಹೋಯಿತಲ್ಲ.

ಇನ್ನೊಂದು ಮಾತು. ನೀನು ಮಾಡಿದ ಚಟ್ನಿಯನ್ನು ದೊಡ್ಡ ಸಾಹೇಬರು ಯಾಕೆ ತಿಂದರು? ಸ್ಟೋರ್ ಗುಮಾಸ್ತನ ಕೋಣೆಗೆ ಸಾಹೇಬರು ಬಂದು ಊಟಕ್ಕೆ ಕೂರುತ್ತಾರೇನು? ಅದಿರಲಿ. ತೆಲಿಗಿಯಿಂದ ಮತ್ತೆ ಹೇಳಿಕಳಿಸಿದ್ದಾರೆ. ದಿನ ಬರಿ, ದಿನ.

ಮಾರೆಮ್ಮ


ಸಿಕ್ಕಿಂ ಕ್ಯಾಂಪು
1-11-1981

ಅಕ್ಕನಿಗೆ ನಮಸ್ಕಾರ. ಕೆಲಸ ಜಾಸ್ತಿ, ಅದಕ್ಕೇ ಕಾರ್ಡು. ಅದೇ ಚಟ್ನಿಗೆ ನಲವತ್ತು ಜನಕ್ಕೆ ಎಷ್ಟು ಮೆಣಸಿನಕಾಯಿ, ಎಷ್ಟು ಶೇಂಗಾ, ಎಷ್ಟು ಹುಣಸೆಹಣ್ಣು ಎಂದು ತೂಕದಲ್ಲಿ ಬರೆದು ಕಳಿಸು. ಹಿಡಿ ಬೇಡ. ಜಲ್ದಿ. ಉಳಿದದ್ದು ಆಮೇಲೆ. ದುರುಗಪ್ಪ.


ಕೂಡ್ಲಿಗಿ
14-11-1981

ದುರುಗಪ್ಪ,

ನಿನ್ನ ಕಾರ್ಡನ್ನು ಬಾಲವಾಡಿಗೆ ತೆಗೆದುಕೊಂಡು ಹೋಗಿ ಮಕ್ಕಳು ಮಲಗಿದ ಮೇಲೆ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಮೂಲೆಯಲ್ಲಿ ಅರಿಶಿನದ ಹೆಬ್ಬೆಟ್ಟು. ನಡುವೆ ಎಣ್ಣೆಯ ಕಲೆ. ಹಳೆಯ ಇನ್‌ಲ್ಯಾಂಡುಗಳನ್ನೂ ತೆಗೆದು ನೋಡಿದೆ, ಅವುಗಳಲ್ಲೂ ಅದೇ. ಗುಮಾಸ್ತನ ಬೆರಳಿಗೆ ಮಸಿ ಹತ್ತಿರಬೇಕು, ಅರಿಶಿನ ಹೇಗೆ ಹತ್ತುತ್ತದೆ? ನಲವತ್ತು ಜನಕ್ಕೆ ಚಟ್ನಿ ಅರೆಯುವ ಗುಮಾಸ್ತನನ್ನು ನಾನು ಎಲ್ಲೂ ಕಂಡಿಲ್ಲ.

ಹೋದ ಸೋಮವಾರ ಬೊಮ್ಮಪ್ಪ ತಾನೇ ಬಸ್ಸು ಹತ್ತಿ ಬಂದಿದ್ದ. ತಲೆಯ ಟವಲು ತೆಗೆದು ತೊಡೆಯ ಮೇಲಿಟ್ಟುಕೊಂಡು ಬಹಳ ಸಂಕೋಚದಿಂದ ಕೇಳಿದ. ಹುಡುಗನ ಹೆಸರು, ಹುದ್ದೆ ಬರೆದು ಸೀಲು ಹಾಕಿದ ಒಂದು ಕಾಗದ ಆಫೀಸಿನಿಂದ ತರಿಸಿದರೆ ಅಣ್ಣತಮ್ಮಂದಿರಿಗೆ ತೋರಿಸುತ್ತಾನಂತೆ. ನಾನು ತರಿಸುತ್ತೇನೆ ಎಂದೆ. ಇಷ್ಟು ವರ್ಷ ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದು ಪಾಠ ಹೇಳಿದ ಬಾಯಿ ಇದು.

ನೀನು ನಿಜ ಬರೆಯುವವರೆಗೆ ನನ್ನಿಂದ ಒಂದು ಮೆಣಸಿನಕಾಯಿಯ ಲೆಕ್ಕವೂ ಬರುವುದಿಲ್ಲ. ಅಲ್ಲಿ ಏನು ಮಾಡುತ್ತಿದ್ದೀ?

ಮಾರೆಮ್ಮ


ಸಿಕ್ಕಿಂ ಕ್ಯಾಂಪು
30-11-1981

ಅಕ್ಕಾ,

ಸಿಟ್ಟಾಗಬೇಡ ಎಂದರೆ ನೀನು ಕೇಳುವವಳಲ್ಲ. ಬರೆದುಬಿಡುತ್ತೇನೆ. ನಾನು ಮೆಸ್ಸಿನಲ್ಲಿ ಅಡುಗೆ ಮಾಡುತ್ತೇನೆ.

ಬಂದದ್ದು ಕಲ್ಲು ಒಡೆಯುವ ಕೂಲಿಯಾಗಿ. ಮೊದಲ ಚಳಿಗೆ ಹಾರೆ ಹಿಡಿದು ಎರಡೂ ಅಂಗೈಯ ಚರ್ಮ ಕಿತ್ತುಬಂತು. ಆಗ ಮೆಸ್ಸಿನ ಅಡುಗೆಯವನು ಕಾಯಿಲೆ ಬಿದ್ದು ಊರಿಗೆ ಹೋದ. ಅಡುಗೆ ಯಾರಿಗೆ ಬರುತ್ತದೆ ಎಂದು ಕೇಳಿದರು, ನಾನು ಕೈ ಎತ್ತಿದೆ. ಬರುತ್ತಿರಲಿಲ್ಲ, ಕಲಿತೆ. ರೇಷನ್ನು ಸ್ಟೋರಿನಿಂದ ಬರುತ್ತದೆ, ಅದಕ್ಕೆ ಸ್ಟೋರಿನ ಕಡೆ ಕೆಲಸ ಎಂದು ನಿನಗೆ ಬರೆದೆ. ಅದನ್ನು ಗುಮಾಸ್ತ ಮಾಡಿದವಳು ನೀನು. ಹತ್ತು ದಿನಕ್ಕೆ ನಿನ್ನ ಕಾಗದ ಬಂತು, ಕೇರಿಯವರಿಗೆಲ್ಲ ಹೇಳಿ ಬೆಲ್ಲ ಹಂಚಿದೆ ಎಂದು ಬರೆದಿದ್ದೆ. ಆಮೇಲೆ ನಾನು ಸೌಟು ಹಿಡಿದಿದ್ದೇನೆ ಎಂದು ಹೇಗೆ ಬರೆಯಲಿ?

ಈಗ ಇನ್ನೊಂದು ಇದೆ. ಜನವರಿ ಹತ್ತಕ್ಕೆ ಮೇಲಿನ ಸಾಹೇಬರು ಬರುತ್ತಾರೆ. ಅವತ್ತು ನಾನು ನಲವತ್ತು ಜನಕ್ಕೆ ಅಡುಗೆ ಮಾಡಿ ಬಡಿಸಬೇಕು. ಅವತ್ತು ಭಾನುವಾರ, ಮೆಸ್ಸಿನಲ್ಲಿ ಭಾನುವಾರ ಮೊಮೊ ಆಗಲೇಬೇಕು. ಅವರಿಗೆ ಹಿಡಿಸಿದರೆ ನಾನು ಕಾಯಂ. ಹಿಡಿಸದಿದ್ದರೆ ಮತ್ತೆ ಹಾರೆ. ಕಾಯಂ ಆದರೆ ಕಾಗದದಲ್ಲಿ ಅಡುಗೆಯವನು ಎಂದೇ ಬರೆದು ಸೀಲು ಹೊಡೆಯುತ್ತಾರೆ, ಬೊಮ್ಮಪ್ಪನವರಿಗೆ ಬೇಕಾದ ಕಾಗದ ಅದಲ್ಲ ಎಂದು ನನಗೂ ಗೊತ್ತು.

ಒಂದು ಉಪಕಾರ ಮಾಡು. ವೀಳ್ಯ ಆಗುವವರೆಗೆ ಅವರಿಗೆ ಹೇಳಬೇಡ. ನೀನು ಕಳಿಸಿದ ಪಂಪಮ್ಮನ ಫೋಟೋ ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟುಕೊಂಡಿದ್ದೇನೆ. ನನಗೆ ಆ ಹುಡುಗಿ ಬೇಕು ಅಕ್ಕಾ.

ದುರುಗಪ್ಪ


ಕೂಡ್ಲಿಗಿ
13-12-1981

ದುರುಗಪ್ಪ,

ನಿನ್ನ ಕಾಗದ ಓದಿ ಮುಗಿಸಿ ಒಲೆಗೆ ಹಾಕಬೇಕು ಎಂದು ಎದ್ದೆ, ಹಾಕಲಿಲ್ಲ. ನಾನು ಗುಮಾಸ್ತ ಮಾಡಿದೆನಂತೆ. ಮಾಡಿದೆ. ಅಲ್ಲ ಅನ್ನಲು ನಿನ್ನ ಬಾಯಿಗೆ ಏನಾಗಿತ್ತು? ಒಂದು ವರ್ಷ ನನ್ನನ್ನು ಕೇರಿಯ ತುಂಬ ಮೆರೆಸಿ ಈಗ ನೆಲಕ್ಕೆ ಕುಕ್ಕಿದೆ. ನನ್ನ ಮೇಲೆ ನನಗೇ ಸಿಟ್ಟು ಬಂದಿದೆ, ಆ ಸಿಟ್ಟನ್ನೂ ನಿನ್ನ ಮೇಲೆಯೇ ಹಾಕುತ್ತೇನೆ, ತಗೋ.

ವೀಳ್ಯ ಆದ ಮೇಲೆ ಹೇಳುವುದು ನನ್ನಿಂದ ಆಗದು. ಮೋಸದಿಂದ ತಂದ ಹುಡುಗಿಯ ಮುಖವನ್ನು ದಿನಾ ಹೇಗೆ ನೋಡಲಿ? ಶಾಲೆಗಳಿಗೆ ರಜೆ ಬಿಟ್ಟ ಕೂಡಲೇ ತೆಲಿಗಿಗೆ ನಾನೇ ಹೋಗುತ್ತೇನೆ, ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಬೇಡ ಎಂದು ತಂತಿ ಕೊಟ್ಟರೂ ಹೋಗುತ್ತೇನೆ.

ಚಟ್ನಿಯ ವಿಷಯ. ಮೂರು ದಿನ ಅರೆದಿದ್ದೇನೆ. ಅವ್ವ ಒಂದು ದಿನವೂ ತೂಗಿದವಳಲ್ಲ, ಅವಳ ಕೈಗೆ ಗೊತ್ತಿತ್ತು. ನನ್ನ ಕೈ ಅವಳದಕ್ಕಿಂತ ಒಂದು ಬೆರಳು ದೊಡ್ಡದು. ಅದಕ್ಕೆ ಅವಳ ಬಳೆಯೊಳಗೆ ತೂರುವಷ್ಟು ಕಾಯಿ ಹಿಡಿದು, ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದೆ. ಅಂಗಡಿಯವನು ನನಗೆ ತಲೆ ಕೆಟ್ಟಿದೆ ಅಂದುಕೊಂಡ. ಮೊದಲ ದಿನ ಹುಳಿ ಜಾಸ್ತಿ, ಎರಡನೇ ದಿನ ಗಟ್ಟಿ. ಮೂರನೇ ದಿನ ಸರಿಬಂತು. ನಿನ್ನ ಭಾವ ಮೂರೂ ದಿನ ಅದನ್ನೇ ತಿಂದು, ಇನ್ನು ಕೆಂಪು ಬಣ್ಣ ತೋರಿಸಬೇಡ ಅನ್ನುತ್ತಿದ್ದಾರೆ.

ನಲವತ್ತು ಜನಕ್ಕೆ ಮೆಣಸಿನಕಾಯಿ ಕಾಲು ಕಿಲೋ, ಶೇಂಗಾ ಇನ್ನೂರು ಗ್ರಾಂ, ಬೆಳ್ಳುಳ್ಳಿ ಎಂಟು ಗಡ್ಡೆ, ಹುಣಸೆಹಣ್ಣು ದೊಡ್ಡ ನಿಂಬೆಯಷ್ಟು ಎರಡು ಉಂಡೆ, ಅದರಲ್ಲಿ ಅರ್ಧದಷ್ಟು ಬೆಲ್ಲ. ಉಪ್ಪನ್ನು ಕೊನೆಗೆ ನೋಡಿ ಹಾಕು. ಬೂದಿ ಇಲ್ಲದಿದ್ದರೆ ಬೆಳ್ಳುಳ್ಳಿಯನ್ನು ಇದ್ದಿಲ ಕೆಂಡದ ಪಕ್ಕದಲ್ಲಿಡು, ಮೇಲೆ ಇಟ್ಟರೆ ಕರಿಯಾಗಿ ಕಹಿಯಾಗುತ್ತದೆ. ಕೊಟ್ಟೂರಿನಿಂದ ಬ್ಯಾಡಗಿ ಕಾಯಿ ತರಿಸಿ ಇವತ್ತು ಪಾರ್ಸಲು ಮಾಡಿದ್ದೇನೆ. ಅಂಚೆಯ ಗುಮಾಸ್ತ ನಾಲ್ಕು ಸಲ ಸೀನಿ ನನ್ನನ್ನು ದುರುಗುಟ್ಟಿ ನೋಡಿದ.

ಈ ಚಟ್ನಿ ಸರಿಯಾದರೆ ನೀನು ಕಾಯಂ ಅಡುಗೆಯವನಾಗುತ್ತೀ, ಪಂಪಮ್ಮ ಕೈತಪ್ಪುತ್ತಾಳೆ. ಗೊತ್ತಿದ್ದೂ ಬರೆಯುತ್ತಿದ್ದೇನೆ. ನಿನ್ನ ಅಂಗೈಯ ಮಾತು ಬರೆದಿದ್ದೆಯಲ್ಲ, ಅದು ಕಣ್ಣಿಗೆ ಕಟ್ಟಿದ ಹಾಗಾಗಿದೆ. ಮತ್ತೆ ಹಾರೆ ಹಿಡಿಯಬೇಡ.

ಮಾರೆಮ್ಮ


ಕೂಡ್ಲಿಗಿ
28-12-1981

ದುರುಗಪ್ಪ,

ನಿನ್ನೆ ತೆಲಿಗಿಗೆ ಹೋಗಿ ಬಂದೆ. ಕೊಟ್ಟೂರಿನಲ್ಲಿ ಒಂದು ಬಸ್ಸು, ಹರಪನಹಳ್ಳಿಯಲ್ಲಿ ಒಂದು ಬಸ್ಸು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಹೊಂದಿಸಿಕೊಂಡಿದ್ದೆ, ಅವರ ಹೊಸಿಲು ದಾಟಿದ ಮೇಲೆ ಒಂದೂ ನೆನಪಾಗಲಿಲ್ಲ. ನನ್ನ ತಮ್ಮ ಗುಮಾಸ್ತ ಅಲ್ಲ, ಅಡುಗೆಯವನು, ತಪ್ಪು ನಮ್ಮದು ಎಂದೆ.

ಬೊಮ್ಮಪ್ಪ ಗೋಡೆಯ ಕಡೆ ಮುಖ ತಿರುಗಿಸಿದ. ಆಮೇಲೆ, "ಸೌಟು ಹಿಡಿಯೋನಿಗೆ ಕೊಡಾಕ ನನ್ ಮಗಳ್ನ ಓದಿಸಿದ್ನೇನಮ್ಮ?" ಅಂದ. ದನಿ ಎತ್ತರಿಸಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ನಾನು ಎದ್ದು ಚಪ್ಪಲಿ ಹುಡುಕುತ್ತಿದ್ದೆ, ಅಷ್ಟರಲ್ಲಿ ಹಿಂದಿನಿಂದ ಕೇಳಿದ, ಅವನು ಮಾಡಿದ ಅಡುಗೆಯನ್ನು ಅಲ್ಲಿ ಎಲ್ಲರೂ ಉಣ್ಣುತ್ತಾರಾ ಅಂತ. ಹೌದು, ನಲವತ್ತು ಜನ, ಸಾಹೇಬರೂ ಸೇರಿ ಎಂದೆ.

"ನಾವ್ಯಾರು ಅಂತ ಗೊತ್ತಾಗಿ ಉಣ್ತಾರಾ, ಗೊತ್ತಿಲ್ದೆ ಉಣ್ತಾರಾ?"

ಅದನ್ನು ನೀನು ಬರೆದಿಲ್ಲ ಎಂದೆ. ಆಗ ಅವನು ತನ್ನ ಕಚೇರಿಯ ಮಾತು ಹೇಳಿದ. ಇಪ್ಪತ್ತಾರು ವರ್ಷದಲ್ಲಿ ಬಾಗಿಲು ತೆಗೆದಿದ್ದಾನೆ, ಕುರ್ಚಿ ಒರೆಸಿದ್ದಾನೆ, ಸಾಹೇಬರ ಮಕ್ಕಳನ್ನು ಶಾಲೆಯಿಂದ ಕರೆತಂದಿದ್ದಾನೆ. ನೀರಿನ ಕೊಡ ಮುಟ್ಟು ಎಂದು ಮಾತ್ರ ಇವತ್ತಿಗೂ ಒಬ್ಬರೂ ಹೇಳಿಲ್ಲ. ನೀರು ಕೊಡಲು ಬೇರೆ ಜವಾನ ಇದ್ದಾನೆ. ಅವನು ರಜೆ ಹಾಕಿದ ದಿನ ಆಫೀಸಿನವರು ತಾವೇ ಎದ್ದು ಹೋಗಿ ಕುಡಿಯುತ್ತಾರಂತೆ. ಹೇಳಿ ಮುಗಿಸಿ, ನಿನ್ನನ್ನು ಕೇಳಿ ತಿಳಿಸಬೇಕು, ಆಮೇಲೆ ಮಾತಾಡೋಣ ಎಂದ.

ಪಂಪಮ್ಮ ಬಸ್ಸಿನವರೆಗೆ ಬಂದಳು. "ಅಡಿಗಿ ಮಾಡೋದು ತಪ್ಪಲ್ರಿ ಅಕ್ಕ. ಮುಚ್ಚಿಟ್ಟಿದ್ದು ತಪ್ಪು. ಇದನ್ನ ಅವರಿಗೆ ಬರೀರಿ," ಅಂದಳು. ಬರೆದಿದ್ದೇನೆ.

ನಾವು ಯಾರು ಎಂದು ನೀನು ಆ ಜನಕ್ಕೆ ಹೇಳಿದ್ದೀಯೋ ಇಲ್ಲವೋ? ಇದರಲ್ಲೂ ಕಾಗೆ ಹಾರಿಸಿದರೆ ನಾನು ಇನ್ನು ನಿನಗೆ ಕಾಗದ ಬರೆಯುವುದಿಲ್ಲ.

ಮಾರೆಮ್ಮ


ಸಿಕ್ಕಿಂ ಕ್ಯಾಂಪು
14-1-1982

ಅಕ್ಕಾ,

ನಿನ್ನ ಕಾಗದ ಒಂಬತ್ತನೇ ತಾರೀಖು ಸಂಜೆ ಬಂತು. ನಾನು ಹೇಳಿರಲಿಲ್ಲ. ಇಲ್ಲಿ ಯಾರೂ ಕೇಳಿರಲಿಲ್ಲ, ದಕ್ಷಿಣದವನು ಎಂದರೆ ಅವರಿಗೆ ಸಾಕಾಗಿತ್ತು. ಕೇಳದಿದ್ದದ್ದನ್ನು ಯಾಕೆ ಹೇಳಲಿ ಎಂದು ಸುಮ್ಮನಿದ್ದೆ. ಅಲ್ಲ, ಅದೂ ಸುಳ್ಳು. ಹೆದರಿಕೆ ಇತ್ತು. ತಟ್ಟೆ ಬಿಟ್ಟು ಏಳುತ್ತಾರೆ ಎಂಬ ಹೆದರಿಕೆ.

ಹತ್ತನೇ ತಾರೀಖು ಚಟ್ನಿ ಸರಿಬಂತು. ಮೂರು ಹನಿ ಬಿತ್ತು, ನಾಲ್ಕನೆಯದು ನಿಂತಿತು. ಮೇಲಿನ ಸಾಹೇಬರು ಎಂಟು ಮೊಮೊ ತಿಂದು ಒಂಬತ್ತನೆಯದನ್ನು ಕೈಯಲ್ಲಿ ಹಿಡಿದುಕೊಂಡು ನನ್ನನ್ನು ಕರೆಸಿದರು. ಹೆಸರು ಕೇಳಿದರು, ಊರು ಕೇಳಿದರು, ಈ ಚಟ್ನಿ ಯಾರು ಕಲಿಸಿದ್ದು ಎಂದು ಕೇಳಿದರು. ನನ್ನ ಹಿಂದಿ ನಿನಗೆ ಗೊತ್ತಲ್ಲ, ಅದರಲ್ಲೇ ಹೇಳಿದೆ. ನಮ್ಮ ಅವ್ವನದು, ನಮ್ಮ ಕೇರಿ ಊರ ಹೊರಗಿದೆ, ನಮ್ಮ ಅವ್ವ ಮುಟ್ಟಿದ ನೀರನ್ನು ಊರವರು ಕುಡಿಯುತ್ತಿರಲಿಲ್ಲ ಎಂದೆ. ಅವರು ಕೇಳಿದ್ದಕ್ಕಿಂತ ಜಾಸ್ತಿಯೇ ಹೇಳಿದೆ.

ಸಾಹೇಬರು ಕೈಯಲ್ಲಿದ್ದ ಮೊಮೊ ನೋಡಿದರು. ಅದನ್ನು ಬಟ್ಟಲಲ್ಲಿ ಅದ್ದಿ ತಿಂದರು. ಮೂಲೆಯಲ್ಲಿ ಕೂತಿದ್ದ ಒಬ್ಬ ಓವರ್‌ಸೀಯರ್ ಎದ್ದು ಕೈ ತೊಳೆದುಕೊಂಡು ಹೋದ. ಅವತ್ತಿನಿಂದ ಅವನು ತನ್ನ ಕೋಣೆಯಲ್ಲೇ ಸ್ಟೋವು ಹಚ್ಚಿ ಬೇಯಿಸಿಕೊಳ್ಳುತ್ತಾನೆ. ಅವನ ತಟ್ಟೆ ಇವತ್ತಿಗೂ ಬಂದಿಲ್ಲ. ಮಿಕ್ಕವರು ಬರುತ್ತಿದ್ದಾರೆ.

ಆರ್ಡರು ನಿನ್ನೆ ಕೈಗೆ ಬಂತು. ಅಡುಗೆಯವನು, ಕಾಯಂ. ಸೀಲಿನ ಕಾಗದ ಇದರ ಜೊತೆ ಇಟ್ಟಿದ್ದೇನೆ. ಎದ್ದುಹೋದವನ ಮಾತನ್ನೂ ಮುಚ್ಚಿಡಬೇಡ, ಬೊಮ್ಮಪ್ಪನವರಿಗೆ ಇದ್ದದ್ದೆಲ್ಲ ಓದಿ ಹೇಳು. ಬೇಡ ಅಂದರೆ ಪಂಪಮ್ಮನ ಫೋಟೋ ವಾಪಸು ಕಳಿಸುತ್ತೇನೆ. ನಾನು ತಪ್ಪು ಮಾಡಿದ್ದು ನಿಜ ಎಂದು ಅವಳಿಗೆ ಹೇಳು.

ದುರುಗಪ್ಪ


ಕೂಡ್ಲಿಗಿ
1-2-1982

ತಮ್ಮ ದುರುಗಪ್ಪನಿಗೆ,

ನಿನ್ನ ಕಾಗದ ಓದಿ ನಾನು ಅತ್ತೆ. ಅಳಿಸಿದ್ದಕ್ಕೂ ನಿನ್ನ ಮೇಲೆ ಸಿಟ್ಟಿದೆ. ಈ ಮಾತನ್ನು ಮೊದಲೇ ಬರೆಯಲು ನಿನಗೇನು ಕಷ್ಟವಾಗಿತ್ತು? ನಾಲ್ಕು ತಿಂಗಳು ನನ್ನ ಜೀವ ಹಿಂಡಿದೆ. ಅಡುಗೆಯವನ ಅಕ್ಕ ಎಂದು ಕೇರಿಯಲ್ಲಿ ಹೇಳಿಕೊಳ್ಳಲು ನನಗೆ ನಾಚಿಕೆಯಾದೀತು ಎಂದು ನೀನು ಎಣಿಸಿದ್ದೀಯಲ್ಲ, ಮೊದಲು ಆಗುತ್ತಿತ್ತು, ಒಪ್ಪಿಕೊಳ್ಳುತ್ತೇನೆ. ಈಗ ಇಲ್ಲ. ಅವ್ವ ಇದ್ದಿದ್ದರೆ ಎಂದು ಬೆಳಗಿನಿಂದ ಹತ್ತು ಸಲ ಅಂದುಕೊಂಡಿದ್ದೇನೆ.

ನಿನ್ನೆ ಭಾನುವಾರ ತೆಲಿಗಿಗೆ ಹೋದೆ. ಮೊದಲು ಸೀಲಿನ ಕಾಗದ ಕೊಟ್ಟೆ. ಬೊಮ್ಮಪ್ಪ ನೋಡಿ ಮಡಿಚಿ ಪಕ್ಕಕ್ಕಿಟ್ಟ, ಮುಖ ಸಡಿಲವಾಗಲಿಲ್ಲ. ಇನ್ನೊಂದು ಕಾಗದ ಓದು ಎಂದ. ಓದಿದೆ. ಓವರ್‌ಸೀಯರನ ಮಾತು ಬಂದಾಗ ಬಿಟ್ಟು ಮುಂದೆ ಹೋಗೋಣ ಅನಿಸಿತು. ಆದರೆ ಪಂಪಮ್ಮ ಬಾಗಿಲಲ್ಲಿ ನಿಂತಿದ್ದಳು, ಬಿಡಲಾಗಲಿಲ್ಲ. ಓದಿ ಮುಗಿಸಿ, ಇಷ್ಟೇ, ಇನ್ನು ನಿಮಗೆ ಬಿಟ್ಟದ್ದು ಎಂದೆ.

ಅವನು ನನ್ನ ಕಡೆ ಸರಿದ. ಆಮೇಲೆ ಕೇಳಿದ, "ಎದ್ದು ಹೋಗಿದ್ದು ಎಷ್ಟು ಮಂದಿ ಅಂದೆ?"

ಒಬ್ಬ ಎಂದೆ.

"ಇನ್ನೊಂದ್ಸಲ ಓದಮ್ಮ ಅದನ್ನ."

ಇನ್ನೊಮ್ಮೆ ಓದಿದೆ. ಅವನಿಗೆ ನಂಬಿಕೆ ಬರಲಿಲ್ಲ. ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು, ಆ ಸಾಲು ಎಲ್ಲಿದೆ ತೋರಿಸು ಎಂದ. ತೋರಿಸಿದೆ. ಅದರ ಮೇಲೆ ಬೆರಳಿಟ್ಟುಕೊಂಡೇ ಕೂತ.

"ನಲವತ್ರಾಗೆ ಒಬ್ನೇ?" ಅಂದ. ಮತ್ತೆ, "ಒಬ್ನೇನಾ?" ಅಂದ. ಕಣ್ಣಲ್ಲಿ ನೀರು ಬಂದಿತ್ತು, ಟವಲಿನಿಂದ ಒರೆಸಿಕೊಂಡ. ಆಮೇಲೆ ಬಾಗಿಲ ಕಡೆ ತಿರುಗಿ, ಯಾವತ್ತಿನ ದನಿಯಲ್ಲೇ ಹೇಳಿದ, "ಪಂಪಾ, ಚಾ ಇಡವ್ವ. ಅಳಿಯನ ಕಾಗ್ದ ಬಂದೈತಿ."

ನಿನ್ನ ಅಕ್ಕ
ಮಾರೆಮ್ಮ